ಶ್ರೀತಾಳೆಯ ಪಾತಿ

ನಮ್ಮ ಬಸವಣ್ಣನ ಗುಡಿಗೆ ಹೂ ಕಟ್ಟಿಕೊಂಡು ಬರುತ್ತಿದ್ದ ಮುರಿಗೆಪ್ಪನವರು ಮೊದಲು ಹೇಳಿದ ಕಥೆ ಇದು.

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅದರ ಅಂಗಳದಲ್ಲಿ ಒಂದೇ ಒಂದು ಶ್ರೀತಾಳೆ ಮರ. ಮಳೆ ಬಂದರೆ ಅದರ ಒಂದು ಎಲೆಯ ಕೆಳಗೆ ಏಳೆಂಟು ಜನ ನಿಲ್ಲಬಹುದಿತ್ತು.

ಶ್ರೀತಾಳೆ ತನ್ನ ಆಯುಸ್ಸಿನಲ್ಲಿ ಒಂದೇ ಸಲ ಹೂ ಬಿಡುತ್ತದೆ. ಕಾಯಿ ಮಾಗಿಸಿ, ಹಾಗೇ ಒಣಗಿಹೋಗುತ್ತದೆ.

ಆ ವರ್ಷ ಅದು ಹೂ ಬಿಟ್ಟಿತು. ಕೆನೆಬಣ್ಣದ ಹೂ ತಿಂಗಳುಗಟ್ಟಲೆ ಉದುರಿತು. ಜಪಕ್ಕೆ ಕೂತವರ ಹೆಗಲ ಮೇಲೆ, ಕೊಡದ ನೀರಿನ ಮೇಲೆ, ಮಲಗಿದ ಹಸುವಿನ ಬೆನ್ನ ಮೇಲೆ. ಮಾತಾಡುವವರೂ ದನಿ ತಗ್ಗಿಸಿ ಮಾತಾಡಿದರು.

ಕಾಯಿ ಬಿದ್ದ ಕಾಲಕ್ಕೆ ಹೊಳೆ ಉಕ್ಕಿ ಅಂಗಳವನ್ನೆಲ್ಲ ಬಳಿದುಕೊಂಡು ಹೋಯಿತು. ಉಳಿದದ್ದು ಗುರುಗಳ ಜೋಳಿಗೆಯಲ್ಲಿದ್ದ ನಲವತ್ತು ಬೀಜ.

ಗುರುಗಳು ಅವನ್ನು ಶಿಷ್ಯ ಮಾದಯ್ಯನ ಕೈಗೆ ಸುರಿದರು.

"ನನ್ನ ಗುರುಗಳು ನೆಟ್ಟ ಮರ. ಅದರ ಸಂತಾನ ಇಷ್ಟೇ ಉಳಿದಿರೋದು."

"ಒಂದೂ ಹಾಳಾಗೋಕೆ ಬಿಡೋದಿಲ್ಲ ಬುದ್ಧಿ."

ಮಾದಯ್ಯ ಬಲು ಅಚ್ಚುಕಟ್ಟಿನವನು. ಪಾತಿ ಮಾಡಿ ಬೀಜ ಹೂತ. ಒಂದೊಂದರ ನೆತ್ತಿಗೆ ಒಂದೊಂದು ಕಡ್ಡಿ ನೆಟ್ಟ. ಪೂಜೆಗೆ ಮುಂಚೆ ಅಂಗಳದಲ್ಲಿ ಹುಲ್ಲೆಸಳು ಇರಬಾರದೆಂಬುದು ಅಲ್ಲಿಯ ಪದ್ಧತಿ. ದಿನಾ ಬೆಳಗ್ಗೆ ಕಡ್ಡಿಗಳ ನಡುವೆ ಎದ್ದದ್ದನ್ನೆಲ್ಲ ಕಿತ್ತು, ಆಮೇಲೆ ನೀರು ಹಾಕುತ್ತಿದ್ದ.

ಅಡುಗೆಯ ನಂಜಮ್ಮ ಕೇಳುತ್ತಿದ್ದಳು, "ಏನ್ ಮಾದಯ್ಯ, ನಿನ್ನ ಕಡ್ಡಿ ಚಿಗುರಿತಾ?"

"ನೀನು ನಿನ್ನ ಸಾರು ನೋಡಿಕೊಳ್ಳಕ್ಕ."

ವರ್ಷ ಕಳೆಯಿತು. ಮರ ಒಣಗಿ ನಿಂತಿತು. ಯಾವ ಕಡ್ಡಿಯ ಬುಡದಲ್ಲೂ ಏನೂ ಏಳಲಿಲ್ಲ.

ಮಾದಯ್ಯ ಗುರುಗಳ ಮುಂದೆ ಹೋಗಿ ನಿಂತ.

"ಒಂದೂ ಬರಲಿಲ್ಲ ಬುದ್ಧಿ."

ಗುರುಗಳು ಅವನ ತೋಳು ಹಿಡಿದು ಪಾತಿಗೆ ಬಂದರು. ಮಂಜು ಇನ್ನೂ ನೆಲ ಬಿಟ್ಟಿರಲಿಲ್ಲ. ಕಡ್ಡಿಯಿಂದ ಒಂದು ಗೇಣು ಆಚೆ ಒಂದು ಎಸಳು ಎದ್ದಿತ್ತು. ಮಾದಯ್ಯನ ಕೈ ಅಭ್ಯಾಸಬಲದಿಂದ ಅತ್ತ ಹೋಯಿತು.

"ತಡಿ. ಇದು ಬಹಳ ಬಿರುಸಾಗಿದೆ. ಕೀಳಬೇಡ, ಅಗೆ."

ಮಾದಯ್ಯ ಬೆರಳಿನಿಂದ ಮಣ್ಣು ಬಿಡಿಸಿದ. ಎಸಳು ಮಣ್ಣೊಳಗೆ ಕೆಳಕೆಳಕ್ಕೆ ಇಳಿದಿತ್ತು. ಮೊಳಕೈ ಮುಳುಗುವಷ್ಟು ಆಳಕ್ಕೆ ಹೋದ ಮೇಲೆ, ಅದರ ಬುಡದಿಂದ ಹೊಕ್ಕುಳಬಳ್ಳಿಯಂಥ ಬಿಳಿ ದಂಟೊಂದು ಓರೆಯಾಗಿ ಮೇಲೇರಿತ್ತು. ಏರಿ, ಕಡ್ಡಿಯ ಕೆಳಗಿದ್ದ ಬೀಜಕ್ಕೆ ಸೇರಿತ್ತು.

ಮಾದಯ್ಯ ಬೀಜದಿಂದ ಎಸಳಿನವರೆಗೆ ಆ ದಂಟನ್ನು ಬೆರಳಿನಿಂದ ಸವರಿದ.

"ದಿನಾ ನನ್ನ ಕೈಯಾರೆ ಕಿತ್ತೆ ಬುದ್ಧಿ. ಹುಲ್ಲು ಅಂದುಕೊಂಡೆ."

ಗುರುಗಳು ಮಣ್ಣನ್ನು ಮೆಲ್ಲಗೆ ಮತ್ತೆ ಮುಚ್ಚಿದರು.

"ನೀವು ದಿನಾ ಜಗುಲಿ ಮೇಲೆ ಕೂತು ನೋಡುತ್ತಿದ್ದಿರಿ. ಒಂದು ಮಾತು ಹೇಳಬಾರದಿತ್ತೇ?"

"ನಾನೂ ಹುಲ್ಲು ಅಂತಲೇ ತಿಳಿದಿದ್ದೆ ಕಣಪ್ಪ."

ಮಾದಯ್ಯ ತಲೆಯೆತ್ತಿ ಅವರ ಮುಖ ನೋಡಿದ. ಅವರು ತಮಾಷೆ ಮಾಡುತ್ತಿರಲಿಲ್ಲ.

"ಹಾಗಾದರೆ ನಾಳೆ ಏಳೋ ಎಸಳುಗಳಲ್ಲಿ ಹುಲ್ಲು ಯಾವುದು, ಮರ ಯಾವುದು? ಯಾರನ್ನ ಕೇಳಲಿ?"

ಗುರುಗಳು ಚೊಂಬನ್ನು ಅವನ ಕೈಗೆ ಕೊಟ್ಟರು.

"ನಮಗೆ ಗೊತ್ತಿಲ್ಲ, ಮಾದಯ್ಯ. ಬೀಜಕ್ಕೆ ಗೊತ್ತಿದೆ. ಎಲ್ಲಕ್ಕೂ ನೀರು ಹಾಕು."

ಕೇಳಿದ ನೀವು ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ಇನ್ನೊಬ್ಬರ ಕಿವಿಗೂ ಹಾಕಿ.