ಉದಯಣ್ಣನ ಚಿನ್ನ

ಮಳಿಗೆ ಮಾಲೀಕ ಉದಯಣ್ಣನಿಗೆ ಪ್ರೇಯಸಿಯರು ಮೂವರು. ಹೆಸರು ಅದಲುಬದಲಾದೀತೆಂದು ಮೂವರನ್ನೂ 'ಚಿನ್ನ' ಎಂದೇ ಕರೆಯುವಷ್ಟು ಜಾಣ. ಮೂವರ ರವಿಕೆಯನ್ನೂ ತನ್ನ ಮಳಿಗೆಯಲ್ಲಿ ಬಾಡಿಗೆಗಿದ್ದ ಟೈಲರ್ ಹತ್ತಿರವೇ ಹೊಲಿಯಲು ಕೊಟ್ಟ.

"ಚೀಟೀಲಿ 'ಉದಯಣ್ಣನ ಚಿನ್ನ' ಅಂತ ಮಾತ್ರ ಬರಿ. ಬೇರೆ ಹೆಸರು ನಿನ್ನ ಬಾಯಲ್ಲಿ ಬಂತೋ, ಮಳಿಗೆ ಖಾಲಿ ಮಾಡಿಸ್ತೀನಿ."

"ಆಗಲಿ ಅಣ್ಣ" ಎಂದ ಟೈಲರ್, ಮೂವರಿಗೂ ಶುಕ್ರವಾರ ಐದು ಗಂಟೆಗೇ ಬರಹೇಳಿದ. ಬಂದು ಬೆಂಚಿನ ಮೇಲೆ ಕೂತರು. ಟೈಲರ್ ಒಂದು ರವಿಕೆ ಎತ್ತಿ ಹಿಡಿದು ಚೀಟಿ ಓದಿದ.

"ಉದಯಣ್ಣನ ಚಿನ್ನ ಯಾರಮ್ಮ?"

ಮೂವರೂ ಒಟ್ಟಿಗೇ ಎದ್ದರು.

ಮರುದಿನ ಉದಯಣ್ಣ ಊದಿದ ಕೆನ್ನೆ ಹಿಡಿದುಕೊಂಡು ಬಂದ. "ಯಾಕೋ ಬಾಯಿ ಬಿಟ್ಟೆ?"

"ನೀವು ಬರೆಸಿದ್ದನ್ನೇ ಓದಿದೆ ಅಣ್ಣ" ಎಂದು ಟೈಲರ್ ಟೇಪು ಬಿಚ್ಚಿದ. "ಮೂವರೂ ಹೇಳಿಹೋಗಿದ್ದಾರೆ, ಮೂರು ರವಿಕೇನೂ ಬಿಚ್ಚಿ ನಿಮ್ಮ ಅಳತೆಗೇ ಹೊಲಿದುಕೊಡಬೇಕಂತೆ. ಸ್ವಲ್ಪ ಕೈ ಎತ್ತಿ."