ಗುರುಸಿದ್ಧನ ಮೂರು ಕಾರ್ಡು

ಹೊಳೆಯ ದಡದಲ್ಲೊಂದು ಮಠ. ಅಲ್ಲಿನ ಶಿಷ್ಯ ಮರಿದೇವ ಹನ್ನೊಂದು ವಾರದಿಂದ ಅಡುಗೆಮನೆಯ ಕೊಪ್ಪರಿಗೆ ತೊಳೆಯುತ್ತಿದ್ದ. ಬೂದಿ ಹಾಕಿ ಉಜ್ಜಿ ಉಜ್ಜಿ ಪಾಪ, ಅಂಗೈ ಸುಲಿದಿತ್ತು.

ಕಾರಣ, ಮೊಬೈಲಿನ ಒಂದು ಕಾರ್ಡಿನ ಆಟ. ಪ್ರತಿ ಸೋಮವಾರ ಅವನೂ ಜೊತೆಗಾರ ಗುರುಸಿದ್ಧನೂ ಆಡುತ್ತಿದ್ದರು. ಯಾವ ಕಾರ್ಡು ಎಷ್ಟು ಬೇಕೋ ಅವರವರೇ ಆರಿಸಿಟ್ಟುಕೊಳ್ಳಬಹುದು. ಸೋತವನಿಗೆ ಆ ವಾರದ ಕೊಪ್ಪರಿಗೆ. ಗೆಲ್ಲುವ ಯೋಗ ಮಾತ್ರ ಮರಿದೇವನ ಹಣೆಯಲ್ಲಿ ಬರೆದ ಹಾಗಿರಲಿಲ್ಲ.

ಕೊನೆಗೆ ತಡೆಯಲಾರದೆ ಗುರುಗಳ ಮುಂದೆ ಹೋಗಿ ಕೂತ.

“ಬುದ್ಧಿ, ಅವನ ಹತ್ರ ಯಕ್ಷ, ಶಂಖ, ದೀಪ ಅಂತ ಮೂರು ಕಾರ್ಡಿವೆ. ಬಿಡಿಬಿಡಿಯಾಗಿ ಮೂರೂ ದಂಡ. ಒಟ್ಟಿಗೆ ಕೈಗೆ ಬಂದ್ವೋ, ಒಂದೇ ಏಟಿಗೆ ನಾನು ಮಟಾಷ್.”

“ನೀನೇನು ಮಾಡ್ತೀಯ?”

“ಏಟು ತಡೆಯೋಕೆ ಕಾರ್ಡಿನಲ್ಲಿ ಕೋಟೆ ಕಟ್ತೀನಿ. ಹೋದ ವಾರ ಒಂಬತ್ತು ಕಟ್ಟಿದ್ದೆ.”

“ನಿಂತವಾ?”

“ಒಂದೂ ನಿಲ್ಲಲಿಲ್ಲ, ಬುದ್ಧಿ.”

ಗುರುಗಳು ಒಂದು ಚಿಟಿಕೆ ನಶ್ಯ ಏರಿಸಿದರು.

“ನನ್ನ ಪ್ರವಚನಕ್ಕೆ ಏನೇನು ಬೇಕಯ್ಯ?”

“ಪುಸ್ತಕ, ಕನ್ನಡಕ, ನಶ್ಯದ ಡಬ್ಬಿ.”

“ಮೂರೂ ಸಿಕ್ಕಿದ್ರೆ?”

“ಮೂರು ಗಂಟೆ, ಬುದ್ಧಿ.” ಮರಿದೇವನ ದನಿಯಲ್ಲಿ ನಿಜವಾದ ನೋವಿತ್ತು.

“ಹೋದ ಅಮಾವಾಸ್ಯೆ ಯಾಕೆ ನಡೀಲಿಲ್ಲ?”

“ಕನ್ನಡಕ ಸಿಗಲಿಲ್ಲ.”

“ಎಲ್ಲಿತ್ತು?”

ಮರಿದೇವನ ಕಿವಿ ಕೆಂಪಾಯಿತು. “ಅಕ್ಕಿ ಡಬ್ಬದಲ್ಲಿ.”

“ನೀನು ನನ್ನ ಬಾಯಿ ಮುಚ್ಚಲಿಲ್ಲ. ನಿನ್ನ ಕಿವಿಗೆ ಹತ್ತಿ ತುರುಕಿಕೊಳ್ಳಲಿಲ್ಲ. ಮೂರರಲ್ಲಿ ಒಂದನ್ನ ಬಚ್ಚಿಟ್ಟೆ. ಇಷ್ಟು ತಲೆ ಇರೋನಿಗೆ ಕೋಟೆ ಯಾಕಯ್ಯ? ಏಳು.”

ಆಟದಲ್ಲಿ ‘ಕಳ್ಳ’ ಅಂತ ಒಂದು ಬಡಪಾಯಿ ಕಾರ್ಡಿತ್ತು. ಅದು ಯಾರನ್ನೂ ಹೊಡೆಯದು. ಎದುರಾಳಿಯ ಕೈಯಿಂದ ಒಂದು ಕಾರ್ಡು ಎಗರಿಸುತ್ತದೆ, ಅಷ್ಟೆ. ಮರಿದೇವ ಅದನ್ನು ಈವರೆಗೆ ಮೂಸಿಯೂ ನೋಡಿರಲಿಲ್ಲ.

ಸೋಮವಾರ ಕೋಟೆಗಳನ್ನೆಲ್ಲ ಬಿಟ್ಟು ಕಳ್ಳನನ್ನು ಇಳಿಸಿದ. ಶಂಖ ಹೋಯಿತು. ಗುರುಸಿದ್ಧ ಯಕ್ಷನನ್ನೂ ದೀಪವನ್ನೂ ಹಿಡಿದುಕೊಂಡು, ಬಾರದ ಶಂಖಕ್ಕೆ ಕಾದು ಕಾದು ಸೋತ.

ಮರಿದೇವನಿಗೆ ಕುಣಿದಾಡುವಷ್ಟು ಖುಷಿ. ಮಠವನ್ನೆಲ್ಲ ಮೂರು ಸುತ್ತು ಸುತ್ತಿ, ಕಂಡವರಿಗೆಲ್ಲ ಹೇಳಿ, ಸಂಜೆ ಬಂದು ಗುರುಗಳ ಕಾಲಿಗೆ ಬಿದ್ದ.

“ಗೆದ್ದೆ ಬುದ್ಧಿ! ಇನ್ನು ಈ ಜನ್ಮದಲ್ಲಿ ನಾನು ಕೊಪ್ಪರಿಗೆ ಮುಟ್ಟೋದಿಲ್ಲ.”

ಗುರುಗಳು ಮೂಗಿನ ಮೇಲಿದ್ದ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಶಲ್ಯದ ಗಂಟು ಬಿಚ್ಚಿ ಇನ್ನೊಂದು ಕನ್ನಡಕ ತೆಗೆದು ಹಾಕಿಕೊಂಡರು.

“ಆ ಅಮಾವಾಸ್ಯೆ ಆದಮೇಲೆ ಇದನ್ನೂ ಮಾಡಿಸಿಟ್ಟುಕೊಂಡೆ ಕಣಯ್ಯ. ಈಗ ತಾನೆ ಗುರುಸಿದ್ಧ ಅಳ್ತಾ ಬಂದಿದ್ದ. ಅವನಿಗೂ ತೋರಿಸಿ ಕಳಿಸಿದೆ.”