ಸಿಗಡಿ ಕಾದ ಖಾಲಿ ಚಿಪ್ಪು

ಸಮುದ್ರದ ನೀರಿಗೆ ಇನ್ನೂ ಉಪ್ಪು ಸರಿಯಾಗಿ ಹಿಡಿಯದಿದ್ದ ಕಾಲ. ಆಗ ಗಂಡು ಸಿಗಡಿ, ಹೆಣ್ಣು ಸಿಗಡಿ ಒಂದೇ ಗಾತ್ರ. ಇಬ್ಬರಿಗೂ ಗಿಡ್ಡ ಮೀಸೆ. ಒಂದೇ ಕಲ್ಲಿನ ಸಂದಿಯಲ್ಲಿ ಸಂಸಾರ.

ಸಿಗಡಿ ಬೆಳೆಯಬೇಕಾದರೆ ಹಳೇ ಚಿಪ್ಪು ಕಳಚಬೇಕು. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಮೈ ಬೆಣ್ಣೆಯ ಹಾಗೆ.

ಒಂದು ದಿನ ಹೆಂಡತಿ ಹೇಳಿದಳು, “ಹ್ವಾಯ್, ಚಿಪ್ಪು ಬಿಗಿ ಆಯ್ತ್. ಇವತ್ತ್ ಕಳಚ್ತೆ. ಬಾಗ್ಲಲ್ಲೇ ಇರಿ, ಎಲ್ಲೂ ಹೋಯ್ಬೇಡಿ.”

“ನಾನಿದ್ದೆ ಅಲ್ದಾ, ಹೆದ್ರಬೇಡ,” ಎಂದ ಗಂಡ.

ಇದ್ದ. ಸ್ವಲ್ಪ ಹೊತ್ತು ಇದ್ದ. ಆಮೇಲೆ ಹೊಟ್ಟೆ ಚುರುಗುಟ್ಟಿತು. ದೂರದ ಬಂಡೆಯ ಮೇಲೆ ಎಳೇ ಪಾಚಿ ಕಂಡಿತು. ಈಗ ಹೋಗಿ ಈಗ ಬಂದೆ ಎಂದುಕೊಂಡು ಹೊರಟ. ಹೊಟ್ಟೆಬಾಕನಿಗೆ ಹೊತ್ತು ಗೊತ್ತಾಗುತ್ತದೆಯೇ?

ಬಂದು ನೋಡಿದರೆ ಹೆಂಡತಿ ಬಾಗಿಲಲ್ಲೇ ಕೂತಿದ್ದಾಳೆ. ಅದೇ ಕಣ್ಣು, ಅದೇ ಕಾಲು.

“ಸಿಟ್ಟ್ ಬಂತಾ?” ಎಂದ. ಮಾತಿಲ್ಲ.

“ತಪ್ಪಾಯ್ತ್ ಮಾರಾಯ್ತಿ,” ಎಂದ. ಆಗಲೂ ಮಾತಿಲ್ಲ.

ಮುಟ್ಟಿದರೆ ಇನ್ನಷ್ಟು ಮುನಿದಾಳು ಎಂದು ಮುಟ್ಟಲಿಲ್ಲ. ಪಕ್ಕದಲ್ಲಿ ಕೂತ. ಪಾಚಿ ತೇಲಿ ಬಂದರೂ ಬಾಯಿ ಹಾಕಲಿಲ್ಲ. ಅವಳ ಪಕ್ಕದಲ್ಲೇ ಇದ್ದು ಇಷ್ಟು ಒಂಟಿ ಅನ್ನಿಸಿದ್ದು ಅವನಿಗೆ ಅದೇ ಮೊದಲು.

ಉಬ್ಬರದ ನೀರು ಬಂತು. “ಯಾರನ್ನ್ ಕಾಯ್ತಿದ್ರಿ?” ಎಂದು ಕೇಳಿತು.

“ಹೆಂಡ್ತಿನ. ಸಿಟ್ಟ್ ಬಂದಿತ್ ಅವ್ಳಿಗೆ.”

ನೀರು ಅವಳನ್ನು ಮೆಲ್ಲಗೆ ಎತ್ತಿತು. ಅವಳು ಹಗುರಾಗಿ ಮಗುಚಿಕೊಂಡಳು. ಬೆನ್ನು ಸೀಳಿತ್ತು, ಒಳಗೆ ಯಾರೂ ಇರಲಿಲ್ಲ. ಅಷ್ಟು ಹೊತ್ತು ಅವನು ಕಾದದ್ದು ಬರೀ ಚಿಪ್ಪನ್ನು.

“ಅವ್ಳ್ ಎಲ್ಲಿ?”

“ಮೀನ್ ಬಂತ್. ಹೆದ್ರಿ ಆಚೆ ಕಲ್ಲಿನಡಿ ಅಡಗಿ ಕೂತಿದ್ಳ್, ನೀವ್ ಬತ್ರಿ ಅಂದೇಳಿ. ಈಗ ಮೈ ಗಟ್ಟಿ ಆಯ್ತ್. ದೊಡ್ಡವಳಾದ್ಳ್, ಹೋದ್ಳ್.”

ಗಂಡು ಸಿಗಡಿ ಹುಡುಕಿಕೊಂಡು ಹೊರಟ. ಕಣ್ಣನ್ನು ನಂಬುವ ಹಾಗಿಲ್ಲವಲ್ಲ, ಕಲ್ಲು ಕಲ್ಲನ್ನೂ ಮೀಸೆಯಿಂದ ಮುಟ್ಟಿ ನೋಡಿದ. ಮುಟ್ಟಿ ಮುಟ್ಟಿ ಮೀಸೆ ಉದ್ದವಾಯಿತು. ತಿನ್ನಲು ನಿಲ್ಲದೆ ಮೈ ಸಣ್ಣಗೇ ಉಳಿಯಿತು.

ಇವತ್ತಿಗೂ ಗಂಡು ಸಿಗಡಿಗೆ ಎಲ್ಲೋ ಒಮ್ಮೆ ಚಿಪ್ಪು ಕಳಚಿದ ಹೆಣ್ಣು ಸಿಗುತ್ತಾಳೆ. ಅವಳ ಮೈ ಗಟ್ಟಿಯಾಗುವಷ್ಟು ಹೊತ್ತು ಇಬ್ಬರೂ ಜೊತೆ. ಆಮೇಲೆ ಹೊಟ್ಟೆಯಡಿ ಮೊಟ್ಟೆ ಹೊತ್ತು ಅವಳು ಅವಳ ದಾರಿ ಹಿಡಿಯುತ್ತಾಳೆ. ಇವನು ಮತ್ತೆ ಒಬ್ಬನೇ.

ಇಳಿತದ ಹೊತ್ತಿಗೆ ಬಂಡೆಯ ಹೊಂಡದಲ್ಲಿ ಕೈಯಿಟ್ಟು ನೋಡು, ಪುಟ್ಟಾ. ದಪ್ಪಗೆ ಕೂತು ತಿನ್ನುತ್ತಿರುವುದು ಹೆಣ್ಣು ಸಿಗಡಿ. ಉದ್ದ ಮೀಸೆಯ ಬಡಕಲು ಸಿಗಡಿಯೊಂದು ಬಂದು, ನಿನ್ನ ಬೆರಳನ್ನೂ ಒಮ್ಮೆ ಮುಟ್ಟಿ ನೋಡಿ, ಅವಳಲ್ಲ ಎಂದು ಮುಂದೆ ಹೋದರೆ ಅದೇ ಗಂಡು.